ನಾನು ಬಾಯಿ ಮುಚ್ಚಿದ ಮೇಲೆ ಹಾಡಿದವರು

ನನ್ನ ದನಿ ದೊಡ್ಡದು. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆಂದು ತಿಳಿಯಬೇಡಿ; ತಿಳಿದರೂ ಅಡ್ಡಿಯಿಲ್ಲ, ಬಹಳ ವರ್ಷ ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗಿದವಳು ನಾನು. ಇಳಕಲ್ಲಿನ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದೆ. ಎಂಟನೆಯ ವರ್ಗದಲ್ಲಿ ನಿಂತು ಹೇಳಿದ ಬೀಜಗಣಿತ ಮಗ್ಗುಲಿನ ಹತ್ತನೆಯ ವರ್ಗಕ್ಕೂ ಸ್ವಚ್ಛ ಕೇಳುತ್ತಿತ್ತು. ನಮ್ಮ ಸಾಲೆಯ ಮಕ್ಕಳು ಒಂದೇ ಪಾಠವನ್ನು ಎರಡೆರಡು ವರ್ಷ ಕೇಳಿ ಪಾಸಾಗುತ್ತಾರೆ ಎಂದು ಹೆಡ್‌ಮಾಸ್ತರರು ನಗುತ್ತಿದ್ದರು. ಮನೆಯಲ್ಲಿ ನಾನು ಫೋನು ಹಿಡಿದರೆ ನಮ್ಮವರು ಪೇಪರಿನಿಂದ ತಲೆ ಎತ್ತದೆಯೇ, “ಆ ಫೋನ್ ಯಾಕ ಬೇಕು? ಹಂಗ ಮಾತಾಡು, ಹುನಗುಂದದಾಗ ನಿಮ್ಮ ತಂಗಿಗೆ ಕೇಳಸ್ತೈತಿ” ಅನ್ನುತ್ತಾರೆ. ಇಂಥ ದನಿ ಇರುವವರಿಗೆ ಒಂದು ರೋಗವಿರುತ್ತದೆ. ಬೇರೆಯವರ ದನಿ ಸಣ್ಣದಾಗಿದ್ದರೆ ಅದನ್ನು ತಾವೇ ದೊಡ್ಡದು ಮಾಡಿಕೊಡಬೇಕು ಅನ್ನಿಸುತ್ತದೆ. ನಿವೃತ್ತಿಯಾದ ಮೇಲೆ ಆ ರೋಗ ನನಗೆ ಜೋರಾಗಿ ಬಡಿಯಿತು. ನಾನೊಂದು ಹಾಡುವ ತಂಡ ಕಟ್ಟಿದೆ.

ತಂಡವೆಂದರೆ ನನ್ನನ್ನು ಬಿಟ್ಟು ಹನ್ನೊಂದು ಜನ. ಪ್ರತಿ ಐತವಾರ ಸಂಜೆ ನಾಲ್ಕಕ್ಕೆ ನಮ್ಮ ಓಣಿಯ ಸಮುದಾಯ ಭವನದಲ್ಲಿ ಜಮಖಾನ ಹಾಸಿ, ನನ್ನ ಹಾರ್ಮೋನಿಯಂ ಇಟ್ಟುಕೊಂಡು ಕೂರುತ್ತಿದ್ದೆವು. ಹಾಡಲು ಬರಬೇಕೆಂಬ ಷರತ್ತು ಇರಲಿಲ್ಲ. “ಮೊದಲು ಬರ್ರಿ, ಧೈರ್ಯ ನಾ ತುಂಬ್ತೇನಿ” ಎಂದು ಮನೆಮನೆಗೆ ಹೋಗಿ ಹೇಳಿ ಬಂದಿದ್ದೆ. ಧೈರ್ಯವೆಂದರೆ ನನ್ನ ಮನೆಯ ಕೊಡದಲ್ಲಿ ತುಂಬಿಟ್ಟ ನೀರು, ಬಂದವರಿಗೆಲ್ಲ ಒಂದೊಂದು ತಂಬಿಗೆ ಹಾಕಿ ಕಳಿಸಿದರಾಯಿತು ಎಂಬಂತೆ ಮಾತಾಡುತ್ತಿದ್ದೆ.

ಮೊದಲು ಬಂದವಳು ಗಂಗಕ್ಕ. ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವವಳು. ಅವಳ ರೊಟ್ಟಿ ಬಡಿಯುವ ಸದ್ದಿಗೇ ಓಣಿಯಲ್ಲಿ ಬೆಳಗಾಗುವುದು. ಇನ್ನು ಅವಳು ಮಾತಿಗಿಳಿದರೆ ಖಾನಾವಳಿಯ ಮಾಲಕರು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಅಂಥವಳು ಹಾಡು ಅಂದ ಕೂಡಲೇ ಸೆರಗಿನ ತುದಿ ಬಾಯಿಗೆ ಹಿಡಿದು ಇಲಿಮರಿಯಂತೆ ಕಿಚುಗುಡುತ್ತಿದ್ದಳು. ಎರಡನೆಯವರು ಹುಸೇನಸಾಬರು. ಬಸ್ ಕಂಡಕ್ಟರಾಗಿ ನಿವೃತ್ತರಾದವರು. “ಅಮೀನಗಡ, ಹುನಗುಂದ, ಇಳಕಲ್ಲ!” ಎಂದು ಅವರು ಬಾಗಲಕೋಟೆಯ ಸ್ಟ್ಯಾಂಡಿನಲ್ಲಿ ನಿಂತು ಕೂಗಿದರೆ ಬಾದಾಮಿಗೆ ಹೋಗುವವರೂ ಗಡಿಬಿಡಿಯಲ್ಲಿ ಹತ್ತಿಬಿಡುತ್ತಿದ್ದರಂತೆ. ನನ್ನ ಮುಂದೆ ಕೂತಾಗ ಮಾತ್ರ ಅವರ ದನಿ ಮೂಗಿನಿಂದ ಹೊರಗೆ ಬರಲು ಟಿಕೇಟು ಸಿಗದವರ ಹಾಗೆ ಒಳಗೇ ಉಳಿಯುತ್ತಿತ್ತು. ಮೂರನೆಯವಳು ಸುನಂದಾ, ದವಾಖಾನೆಯಲ್ಲಿ ನರ್ಸು, ನನ್ನ ಹಳೆಯ ವಿದ್ಯಾರ್ಥಿನಿ. ಇವಳೊಬ್ಬಳ ಬಗ್ಗೆ ನನಗೆ ಚಿಂತೆಯಿರಲಿಲ್ಲ. ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತು, ಅಕ್ಷರ ಅಕ್ಷರಕ್ಕೂ ಬಾಯಿ ತೆರೆದು ಹಾಡುವಳು. “ಸುನಂದಾನ್ನ ನೋಡಿ ಕಲೀರಿ! ಬಾಯಿ ಅಂದ್ರ ಹಿಂಗ ತಗೀಬೇಕು” ಎಂದು ಉಳಿದವರಿಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಅವಳು ಆಗ ತಲೆ ತಗ್ಗಿಸಿ ನಗುತ್ತಿದ್ದಳು. ವಿನಯ ಅಂದುಕೊಂಡಿದ್ದೆ.

ಎರಡು ವರ್ಷ ನಾನು ಮಾಡದ ಪ್ರಯೋಗವಿಲ್ಲ. ಖಾಲಿ ಕೊಡದೊಳಗೆ ಮುಖ ಹಾಕಿ ಹಾಡಿಸಿದೆ; ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ; ಹುಸೇನಸಾಬರು ಹಾಡುವಾಗ ಒಂದು ಕೈ ಮೇಲೆತ್ತುತ್ತಿದ್ದರು, ಅದನ್ನು ಕೆಳಗಿಳಿಸಿ ಎರಡೂ ಕೈ ತೊಡೆಯ ಮೇಲೆ ಇಡಿಸಿದೆ. ಅವರ ಉತ್ಸಾಹ ಕುಂದಬಾರದೆಂದು ಪ್ರತಿ ಸಾಲನ್ನೂ ಅವರ ಜೊತೆಗೆ ನಾನೂ ಗಟ್ಟಿಯಾಗಿ ಹಾಡುತ್ತಿದ್ದೆ. ನಾನು ಹಾಡುವುದನ್ನು ನಿಲ್ಲಿಸಿದರೆ ಹಾಲ್‌ನಲ್ಲಿ ಫ್ಯಾನಿನ ಸದ್ದು ಕೇಳುತ್ತಿತ್ತು. ಹೀಗಾಗಿ ನಾನು ನಿಲ್ಲಿಸುತ್ತಿರಲಿಲ್ಲ. ಇದರಲ್ಲಿ ತರ್ಕದ ತಪ್ಪಿದೆ ಎಂದು ಮೂವತ್ತೊಂದು ವರ್ಷ ಗಣಿತ ಕಲಿಸಿದವಳಿಗೆ ಹೊಳೆಯಲಿಲ್ಲ.

ಕಡೆಗೆ ಎಲ್ಲರನ್ನೂ ಬಾದಾಮಿಗೆ ಕರೆದುಕೊಂಡು ಹೋದೆ. ಅಗಸ್ತ್ಯತೀರ್ಥದ ಕೆರೆಯ ಮೆಟ್ಟಿಲ ಮೇಲೆ ನಿಂತು ಎದುರಿನ ಕೆಂಪು ಗುಡ್ಡಕ್ಕೆ ಮುಖ ಮಾಡಿ ಕೂಗಿದರೆ ದನಿ ತಿರುಗಿ ಬರುತ್ತದೆ. ತಮ್ಮ ದನಿ ತಮಗೇ ದೊಡ್ಡದಾಗಿ ಕೇಳಿದರೆ ಹೆದರಿಕೆ ಹೋಗುತ್ತದೆ ಎಂಬುದು ನನ್ನ ಲೆಕ್ಕ. ಹೇಗೆ ಕೂಗಬೇಕೆಂದು ತೋರಿಸಲು ಮೊದಲು ನಾನು ಕೂಗಿದೆ. ಗುಡ್ಡ ಎರಡು ಸಲ ತಿರುಗಿ ಹೇಳಿತು. ಎಲ್ಲರೂ ಚಪ್ಪಾಳೆ ಹೊಡೆದರು. “ಈಗ ನೀವು” ಅಂದೆ. ಹುಸೇನಸಾಬರು ಕೂಗಿದರು, ಕೂಗಿದರೆಂದು ಅವರೇ ಹೇಳಿದ್ದರಿಂದ ನಮಗೆ ಗೊತ್ತಾಯಿತು. ಗುಡ್ಡ ಸುಮ್ಮನಿತ್ತು. “ಗುಡ್ಡಕ್ಕೂ ನಿಮ್ದ ದನಿ ರೂಢಿ ಆಗೇತಿ ಅಕ್ಕೋರ, ನಮ್ದು ಕೇಳವಲ್ದು” ಅಂದರು. ಅದೇ ಹೊತ್ತಿಗೆ ಒಂದು ಮಂಗ ಗಂಗಕ್ಕನ ರೊಟ್ಟಿಯ ಗಂಟಿಗೆ ಕೈ ಹಾಕಿತು. ಅವಳು ಒದರಿದ ಒದರಾಟಕ್ಕೆ ಗುಡ್ಡ ಮೂರು ಸಲ ಉತ್ತರ ಕೊಟ್ಟಿತು, ಮಂಗ ಗಂಟು ಬಿಟ್ಟು ಓಡಿತು, ಕೆರೆಯ ದಂಡೆಯಲ್ಲಿ ಅರಿವೆ ಒಗೆಯುತ್ತಿದ್ದವರು ಎದ್ದು ನಿಂತರು. “ಇದ! ಇದ ದನಿ ಬೇಕಾಗಿತ್ತು ಗಂಗಕ್ಕ!” ಎಂದು ನಾನು ಕುಣಿದಾಡಿದೆ. “ಹಂಗಾದ್ರ ಐತವಾರಕ್ಕೊಮ್ಮೆ ಈ ಮಂಗ್ಯಾನೂ ಕರಸ್ರಿ” ಅಂದಳು ಗಂಗಕ್ಕ, ಗಂಟು ಬಿಚ್ಚಿ ರೊಟ್ಟಿ ಎಣಿಸುತ್ತ.

ಆ ದಿನ ಗುಡ್ಡದ ಜೊತೆ ನಾನು ಪೈಪೋಟಿಗಿಳಿದದ್ದು ಸ್ವಲ್ಪ ಹೆಚ್ಚೇ ಆಯಿತು. ಮೊದಲೇ ನೆಗಡಿಯಿತ್ತು. ಮರುದಿನ ಎದ್ದು ನಮ್ಮವರಿಗೆ “ಚಹಾ ಮಾಡ್ಲೇನ್ರಿ?” ಎಂದು ಕೇಳಿದರೆ ಬಾಯಿಂದ ಗಾಳಿಯಷ್ಟೇ ಬಂತು. ನಾಲ್ಕು ದಿನ ಅರಿಸಿನದ ಹಾಲು, ಜ್ಯೇಷ್ಠಮಧು, ಉಪ್ಪುನೀರು ಎಲ್ಲ ಆಯಿತು. ಐದನೆಯ ದಿನ ಬಾಗಲಕೋಟೆಗೆ ಹೋಗಿ ಗಂಟಲಿನ ಡಾಕ್ಟರಿಗೆ ತೋರಿಸಿದೆವು. ಆತ ಒಳಗೆ ಸಣ್ಣ ಕನ್ನಡಿ ಇಳಿಸಿ ನೋಡಿ, ದನಿ ಹೊರಡಿಸುವ ಜಾಗ ಬಾತುಕೊಂಡಿದೆ, ಇಪ್ಪತ್ತೊಂದು ದಿನ ಒಂದಕ್ಷರ ಮಾತಾಡಕೂಡದು, ಪಿಸುಮಾತೂ ಇಲ್ಲ, ಹಾಡಂತೂ ದೂರದ ಮಾತು, ಹಟ ಮಾಡಿದರೆ ದನಿ ಹೀಗೇ ಉಳಿದೀತು ಅಂದ. ನಾನು ಗಾಬರಿಯಾಗಿ ನಮ್ಮವರ ಮುಖ ನೋಡಿದೆ. ಅವರು ಬಹಳ ಗಂಭೀರವಾಗಿ, “ಡಾಕ್ಟರ, ಇಪ್ಪತ್ತೊಂದ ಸಾಕಾಗತಾವೇನ್ರಿ? ಬೇಕಾದ್ರ ನಲವತ್ತ ಮಾಡ್ರಿ, ನಮ್ಮದೇನ ಅಭ್ಯಂತರ ಇಲ್ಲ” ಅಂದರು. ಆ ಮಾತಿಗೆ ಕೊಡಬೇಕಾದ ಉತ್ತರ ನನ್ನಲ್ಲಿ ಸಿದ್ಧವಿತ್ತು, ದನಿ ಇರಲಿಲ್ಲ.

ನನ್ನ ಚಿಂತೆ ಗಂಟಲಿನದಷ್ಟೇ ಆಗಿರಲಿಲ್ಲ. ಜಿಲ್ಲೆಯ ಹವ್ಯಾಸಿ ಹಾಡುಗಾರರೆಲ್ಲ ಸೇರುವ ಒಂದು ಕಾರ್ಯಕ್ರಮ ಸರಿಯಾಗಿ ಒಂದು ತಿಂಗಳಿಗೆ ಬಾಗಲಕೋಟೆಯಲ್ಲಿತ್ತು. ನಮ್ಮ ತಂಡದ ಹೆಸರು ಕೊಟ್ಟು ಆಗಿತ್ತು. ನಾನು ಜೊತೆಗೆ ಹಾಡುತ್ತೇನಲ್ಲ ಎಂಬ ಧೈರ್ಯದಲ್ಲೇ ಕೊಟ್ಟಿದ್ದೆ. ಈಗ ಹೆಸರು ವಾಪಸು ತೆಗೆಯುವುದೆಂದರೆ ಎರಡು ವರ್ಷದಲ್ಲಿ ನಾನು ಯಾರಿಗೂ ಏನೂ ಕಲಿಸಲಿಲ್ಲವೆಂದು ಒಪ್ಪಿಕೊಂಡಂತೆ. ಒಂದು ಸ್ಲೇಟು, ಬಳಪ ಹಿಡಿದುಕೊಂಡು ಐತವಾರ ಭವನಕ್ಕೆ ಹೋದೆ.

ನಾನು ಕಲಿಸುತ್ತಿದ್ದ ಹಾಡು ಕಷ್ಟದ್ದು, ನನ್ನ ದನಿಗೆ ಒಪ್ಪುವಂಥದ್ದು. ಅವರು ಎರಡು ಸಾಲು ಹಾಡಿ ನಿಂತರು. ನಾನು ಸ್ಲೇಟಿನಲ್ಲಿ “ಹೊಟ್ಟೆಯಿಂದ ದನಿ ತೆಗೆಯಿರಿ” ಎಂದು ಬರೆದು ತೋರಿಸಿದೆ. ಗಂಗಕ್ಕ ಕನ್ನಡಕ ತಂದಿರಲಿಲ್ಲ. “ಹೊಟ್ಟಿಗೆ ಏನೋ ತಗೀರಿ ಅಂತ ಬರದಾರ” ಎಂದು ಚಹಾ ತರಿಸಿದಳು. ಚಹಾ ಕುಡಿಯುತ್ತ ಅವರವರೇ ಮಾತಾಡತೊಡಗಿದರು. ನಾನಿರುವ ಕೋಣೆಯಲ್ಲಿ ಬೇರೆಯವರು ಹೀಗೆ ಸಾಲಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಈ ಹಾಡು ನಮ್ಮ ಬಾಯಾಗ ತಿರಗವಲ್ದು ಬಿಡ್ರಿ. ನಮ್ಮವ್ವ ಬೀಸೂ ಮುಂದ ಹಾಡತಿದ್ಲಲ್ಲ, ಅದು ಹಗೂರ ಐತಿ” ಅಂದಳು ಗಂಗಕ್ಕ. “ಯಾವ್ದು?” ಎಂದು ಯಾರೋ ಕೇಳಿದರು. ಅವಳು ಕಾಲು ನೀಡಿ ಕೂತು, ಎದುರಿಗೆ ಬೀಸುಕಲ್ಲು ಇದೆಯೇನೋ ಎಂಬಂತೆ ಬಲಗೈ ಸುತ್ತುತ್ತ, ಅವರವ್ವನ ಪದ ಹಿಡಿದಳು. ಸೆರಗು ಬಾಯಿಗೆ ಹೋಗಲಿಲ್ಲ. ತಗ್ಗಿನ ದನಿ, ಸ್ವಲ್ಪ ಒಡಕು, ಆದರೆ ನಡುವೆ ಎಲ್ಲೂ ಅಳುಕಿಲ್ಲ. ಎರಡನೆಯ ಸಾಲಿಗೆ ಹುಸೇನಸಾಬರು ಎದ್ದು ನಿಂತರು. ಒಂದು ಕಾಲು ಮುಂದೆ ಊರಿ, ಒಂದು ಕೈ ಮೇಲೆತ್ತಿ, ಇಲ್ಲದ ಬಸ್ಸಿನ ಇಲ್ಲದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡು ದನಿಗೂಡಿಸಿದರು. ಹಾಲ್‌ನ ಕಿಟಕಿ ಝುಂ ಅಂದಿತು. ಮೂವತ್ತು ವರ್ಷ ಹಾಗೆ ನಿಂತೇ ದನಿ ತೆಗೆದ ಮನುಷ್ಯನ ಕೈಯನ್ನು ನಾನು ಎರಡು ವರ್ಷ ತೊಡೆಯ ಮೇಲೆ ಕಟ್ಟಿಹಾಕಿದ್ದೆ. “ಕೈ ಇಳಿಸಿ” ಎಂದು ಬರೆಯಲು ಬಳಪ ಎತ್ತಿದ್ದೆ, ಕೆಳಗಿಟ್ಟೆ.

ಆ ಸಂಜೆ ಎಲ್ಲರೂ ಹಾಡಿದರು, ಒಬ್ಬಳನ್ನು ಬಿಟ್ಟು. ನಾನು ಹಾಡುತ್ತಿರಲಿಲ್ಲವಾದ್ದರಿಂದ ಮೊದಲ ಸಲ ಒಬ್ಬೊಬ್ಬರ ದನಿ ಬೇರೆ ಬೇರೆಯಾಗಿ ಕೇಳುತ್ತಿತ್ತು. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿದೆ. ಹತ್ತಕ್ಕೆ ನಿಂತಿತು. ಸುನಂದಾಳ ಬಾಯಿ ಎಂದಿನಂತೆ ಅಂದವಾಗಿ ತೆರೆದು ಮುಚ್ಚುತ್ತಿತ್ತು. ಅಲ್ಲಿಂದ ಏನೂ ಬರುತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವಳು ಜಮಖಾನ ಮಡಚಲು ನಿಂತಳು. ನಾನು ಒಂದು ತುದಿ ಹಿಡಿದೆ. ಅವಳು ಮಡಚುತ್ತಲೇ, “ಅಕ್ಕೋರ, ಎರಡ ವರ್ಷದಿಂದ ನಿಮಗೊಂದ ಮಾತ ಹೇಳಬೇಕಂತ ಮಾಡೇನಿ. ನಿಮ್ಮ ಮುಂದ ಮಾತಿಗೆ ಜಾಗಾನ ಸಿಗತಿರಲಿಲ್ಲ. ಇವತ್ತ ಸಿಕ್ಕೈತಿ” ಅಂದಳು. ನಾನು ತಲೆಯಾಡಿಸಿದೆ. “ನಾ ಎಂಟನೇತ್ತಾ ಇದ್ದಾಗ ಸಾಲ್ಯಾಗ ಝೆಂಡಾ ಹಾರಸೂ ದಿನದ ಹಾಡು ನೀವ ಕಲಿಸಿದ್ರಿ. ನೆನಪೈತೇನ್ರಿ? ಸಾಲಿನ ಮುಂದ ಕಿವಿಗೊಟ್ಟ ಹೊಂಟವ್ರು ನನ್ನ ಹಂತೇಕ ನಿಂತ್ರಿ. ‘ಸುನಂದಾ, ನೀ ಬರೇ ಬಾಯಿ ಆಡಸು, ದನಿ ತಗೀಬ್ಯಾಡ, ಅಂದ್ರ ಹಾಡು ಚಲೋ ಬರತೈತಿ’ ಅಂದ್ರಿ. ಅವತ್ತಿನಿಂದ ನಾ ಹಾಡಿಲ್ರಿ. ನನ್ನ ಮಗಳಿಗೆ ಜೋಗುಳಾನೂ ಫೋನಿನ್ಯಾಗ ಹಚ್ಚಿ ಮಲಗಸೇನಿ.”

ನನಗೆ ನೆನಪಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ದನಿ ಇದ್ದಿದ್ದರೆ ನನ್ನ ಬಳಿ ಇಪ್ಪತ್ತು ಸಮಜಾಯಿಷಿಗಳಿದ್ದವು: ಮಕ್ಕಳು ನೂರು ಜನ, ತಯಾರಿಗೆ ಮೂರೇ ದಿನ, ಹೆಡ್‌ಮಾಸ್ತರರ ಒತ್ತಡ, ನಾನು ಅಂದದ್ದು ಆ ಅರ್ಥದಲ್ಲಲ್ಲ. ಒಂದೊಂದಾಗಿ ಹೇಳಿ ಕಡೆಗೆ ಅವಳಿಂದಲೇ “ಇರ್ಲಿ ಬಿಡ್ರಿ ಅಕ್ಕೋರ” ಅನ್ನಿಸಿ ಮನೆಗೆ ಹೋಗುತ್ತಿದ್ದೆ. ಆದರೆ ಕೈಯಲ್ಲಿದ್ದದ್ದು ಒಂದು ಗೇಣಿನ ಸ್ಲೇಟು. ಅದರಲ್ಲಿ ಇಪ್ಪತ್ತು ಸಮಜಾಯಿಷಿ ಹಿಡಿಸುವುದಿಲ್ಲ. “ತಪ್ಪಾಯಿತು” ಎಂದು ಬರೆದೆ. ಅದರ ಕೆಳಗೆ, “ಮತ್ತೆ ನನ್ನ ತಂಡಕ್ಕೇ ಯಾಕೆ ಬಂದಿ?” ಎಂದು ಬರೆದೆ.

ಸುನಂದಾ ಓದಿ ಕಣ್ಣು ಒರೆಸಿಕೊಂಡು ನಕ್ಕಳು. “ದನಿ ತಗೀಬ್ಯಾಡ ಅಂದವ್ರು ನೀವ. ತಗಿ ಅನ್ನೂದೂ ನಿಮ್ಮ ಬಾಯಿಂದನ ಬರಲಿ ಅಂತ ಬಂದೆ. ನೀವು ಎಲ್ಲಾರಿಗೂ ತಗೀರಿ ತಗೀರಿ ಅಂದ್ರಿ. ನನ್ನ ಮಾತ್ರ ಶಾಣ್ಯಾಕಿ ಅಂತ ಬಿಟ್ಟ ಬಿಟ್ರಿ.”

ನಾನು ಸ್ಲೇಟು ಒರೆಸಿ, ಹಲಗೆಯ ಮೇಲೆ ಬರೆಯುವಷ್ಟು ದೊಡ್ಡದಾಗಿ ಒಂದೇ ಶಬ್ದ ಬರೆದೆ: “ಹಾಡು.” ಅವಳು ಓದಿ, “ಇವತ್ತಲ್ರಿ. ಬರೂ ಐತವಾರ” ಅಂದು ಜಮಖಾನ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ಐತವಾರದವರೆಗೆ ಏಳು ದಿನ ಕಾದೆ; ಪರೀಕ್ಷೆಯ ಫಲಿತಾಂಶಕ್ಕೂ ನಾನು ಹಾಗೆ ಕಾದಿರಲಿಲ್ಲ. ಅವಳು ಬರುತ್ತಾಳೋ ಇಲ್ಲವೋ ಎಂದು ನಮ್ಮವರಿಗೆ ಸ್ಲೇಟಿನಲ್ಲಿ ನಾಲ್ಕು ಸಲ ಬರೆದು ಕೇಳಿದೆ. ನಾಲ್ಕನೆಯ ಸಲ ಅವರು ಪೇಪರು ಮಡಚಿಟ್ಟು, “ಬರ್ತಾಳ. ಇಪ್ಪತ್ತ ವರ್ಷ ತಡದಾಕಿ ಏಳ ದಿನಕ್ಕ ಬಿಡತಾಳೇನು?” ಅಂದರು. ನನ್ನ ದನಿ ಹೋದ ಮೇಲೆ ಅವರೂ ಉದ್ದುದ್ದ ವಾಕ್ಯ ಮಾತಾಡತೊಡಗಿದ್ದರು.

ಬಂದಳು. ಗಂಗಕ್ಕನ ಪಕ್ಕದಲ್ಲಿ ಕೂತಳು. ಗಂಗಕ್ಕ ಪದ ಹಿಡಿದಾಗ ಎರಡು ಸಾಲು ಸುಮ್ಮನಿದ್ದು ಮೂರನೆಯದಕ್ಕೆ ದನಿ ತೆಗೆದಳು. ಮೊದಲು ನಡುಗುತ್ತಿತ್ತು, ಆಮೇಲೆ ಗಟ್ಟಿಯಾಗಿ ನಿಂತಿತು. ಬಹಳ ಸಿಹಿಯಾದ ದನಿಯೇನಲ್ಲ. ಹುಡುಗಿಯರಲ್ಲಿ ಅಪರೂಪವಾದ ದಪ್ಪ, ತುಂಬಿದ ದನಿ. ಅವತ್ತು ಎಂಟನೆಯ ವರ್ಗದ ಕೀಚು ದನಿಗಳ ನಡುವೆ ಅದು ಬೇರೆಯಾಗಿ ಕೇಳಿದ್ದಿರಬೇಕು. ಬೇರೆಯಾಗಿದ್ದದ್ದನ್ನೇ ನಾನು ತಪ್ಪು ಅಂದುಕೊಂಡಿರಬೇಕು. ಹುಸೇನಸಾಬರು ಹಾಡುತ್ತಲೇ ತಿರುಗಿ ನೋಡಿ, “ಈ ದನಿ ಎಲ್ಲಿ ಇಟ್ಟಿದ್ದಿ ಬೇಟಿ, ಇಷ್ಟ ದಿನ?” ಅಂದರು. ಸುನಂದಾ ನನ್ನ ಕಡೆ ನೋಡಲಿಲ್ಲ. ಅದು ಅವಳ ದೊಡ್ಡ ಗುಣ. ಬಾಗಲಕೋಟೆಯಲ್ಲಿ ಇದೇ ಪದ ಹಾಡುವುದೆಂದು ಅವರವರೇ ತೀರ್ಮಾನಿಸಿದರು. ಎಲ್ಲರಿಗೂ ಹೊಂದುವ ಶ್ರುತಿ ಯಾವುದೆಂದು ಹುಡುಕಿ, ಹಾರ್ಮೋನಿಯಂನ ಎರಡನೆಯ ಕರಿ ಪಟ್ಟಿಯೆಂದು ನನಗೇ ತಿಳಿಸಿದರು. ನಾನು ಸ್ಲೇಟಿನಲ್ಲಿ “ಆಗಲಿ” ಎಂದು ಬರೆದೆ. ಆ ತಿಂಗಳು ನಾನು ಅತಿ ಹೆಚ್ಚು ಬರೆದ ಶಬ್ದ ಅದು.

ಇಪ್ಪತ್ತೆರಡನೆಯ ದಿನ ದನಿ ಬಂತು. ಆದರೂ ಸ್ಟೇಜಿನ ಮೇಲೆ ಹಾಡುವುದಿಲ್ಲ, ಶ್ರುತಿ ಕೊಡುವುದಷ್ಟೇ ನನ್ನ ಕೆಲಸ ಎಂದು ಎಲ್ಲರ ಮುಂದೆ ಮಾತು ಕೊಟ್ಟೆ. ಬಾಗಲಕೋಟೆಯ ಆ ಹಾಲ್ ತುಂಬಿತ್ತು. ನಮಗಿಂತ ಮೊದಲು ಹಾಡಿದ ತಂಡದವರು ಒಂದೇ ಬಣ್ಣದ ಸೀರೆ ಉಟ್ಟಿದ್ದರು. ನಮ್ಮ ತಂಡದವರು ಅವರವರ ಬಣ್ಣದಲ್ಲಿದ್ದರು. ಪರದೆ ಸರಿಯಿತು. ನಾನು ಹಾರ್ಮೋನಿಯಂನ ತಿದಿ ಒತ್ತಿ ಶ್ರುತಿ ಕೊಟ್ಟೆ. ಗಂಗಕ್ಕ ಎತ್ತಿಕೊಂಡಳು, ಉಳಿದವರು ಕೂಡಿದರು, ಮೊದಲ ಸಾಲು ಮೇಲಕ್ಕೆ ಹೋಗುವಲ್ಲಿ ಹನ್ನೊಂದು ಕೊರಳುಗಳೂ ಒಟ್ಟಿಗೆ ಬಿಗಿದವು. ನಾನು ಕೆಳಗೆ ನೋಡಿದೆ. ನನ್ನ ಬೆರಳು ಎರಡನೆಯ ಕರಿ ಪಟ್ಟಿಯ ಮೇಲಿರಲಿಲ್ಲ. ನಲವತ್ತು ವರ್ಷ ನಾನು ನನಗಾಗಿ ಒತ್ತಿಕೊಂಡ ಐದನೆಯ ಕರಿ ಪಟ್ಟಿಯ ಮೇಲೆ ಹಾಯಾಗಿ ಕೂತಿತ್ತು.

ಮೊದಲಿನ ನನ್ನ ತಂಡವಾಗಿದ್ದರೆ ಅಲ್ಲಿಯೇ ಸತ್ತುಹೋಗುತ್ತಿತ್ತು, ನಾನು ಮೈಕಿಗೆ ಬಾಯಿ ಕೊಟ್ಟು ಹಾಡನ್ನೆಲ್ಲ ಒಬ್ಬಳೇ ಹೊತ್ತು ದಡ ಸೇರಿಸುತ್ತಿದ್ದೆ. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಗಂಗಕ್ಕ ಕೈ ಎತ್ತಿ ಹಾಡು ನಿಲ್ಲಿಸಿದಳು. ಮೈಕಿನಲ್ಲಿ, ಖಾನಾವಳಿಯ ಮಾಲಕರಿಗೆ ಹೇಳುವ ಅದೇ ದನಿಯಲ್ಲಿ, “ತಡೀರಿ ತಡೀರಿ, ಭಾಳ ಮ್ಯಾಲ ಹೋತು. ನಮ್ಮ ಅಕ್ಕೋರ ಕೈ ತಪ್ಪೇತಿ. ಮತ್ತ ಕೆಳಗಿಂದ ಹಿಡಿಯೂಣು” ಅಂದಳು. ಹಾಲ್ ನಗೆಯಲ್ಲಿ ಮುಳುಗಿತು. “ನಗ್ರಿ, ನಾವೂ ನಗತೇವಿ, ಆಮ್ಯಾಲ ಹಾಡತೇವಿ” ಅಂದಳು. ಅವರೂ ನಕ್ಕರು. ನನ್ನ ಮರ್ಯಾದೆ ಹೋಗುತ್ತಿರುವುದನ್ನು ನಾನು ಸ್ಟೇಜಿನ ಮೇಲೆಯೇ ಕೂತು ನೋಡಿದೆ. ಸುನಂದಾ ನನ್ನ ಹಾರ್ಮೋನಿಯಂಗೆ ಕಾಯಲಿಲ್ಲ. ಕಣ್ಣು ಮುಚ್ಚಿ, ತನ್ನ ಆ ತುಂಬಿದ ದನಿಯಲ್ಲಿ, ಶ್ರುತಿಯನ್ನು ತಾನೇ ಹಾಡಿ ತೋರಿಸಿದಳು. ಹುಸೇನಸಾಬರು ಒಂದು ಕೈ ಮೇಲೆತ್ತಿ “ರೈಟ್!” ಅಂದರು. ಹಾಡು ಹೊರಟಿತು.

ಹೇಗೆ ಹಾಡಿದರು ಎಂದು ವರ್ಣಿಸಲಾರೆ, ನನಗೆ ಕಣ್ಣು ಮಂಜಾಗಿತ್ತು. ಮೂರನೆಯ ನುಡಿಗೆ ಬಂದಾಗ ಹಾಲ್‌ನ ಹಿಂದಿನ ಸಾಲಿನ ಮುದುಕಿಯರು ಬಲಗೈ ಸುತ್ತುತ್ತ ಜೊತೆಗೆ ಹಾಡುತ್ತಿದ್ದರೆಂಬುದು ಮಾತ್ರ ಕಂಡಿತು. ಬಹುಮಾನ ಒಂದೇ ಬಣ್ಣದ ಸೀರೆಯವರಿಗೆ ಹೋಯಿತು. ನಮ್ಮ ತಂಡದವರಿಗೆ ಅದರ ಕಡೆ ಲಕ್ಷ್ಯವೇ ಇರಲಿಲ್ಲ. ತಿರುಗಿ ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು, ಕರದಂಟು ಮಿಠಾಯಿಯ ಅಂಗಡಿಯ ಮುಂದೆಯೇ ಇನ್ನೊಮ್ಮೆ ಹಾಡಿದರು. ಅಂಗಡಿಯಾತ ಒಂದು ಪೆಟ್ಟಿಗೆ ಕೊಟ್ಟು ಕೈಮುಗಿದ. ಸುನಂದಾ ತನ್ನ ಪಾಲಿನ ತುಂಡನ್ನು ಮಗಳಿಗೆಂದು ಕಾಗದದಲ್ಲಿ ಕಟ್ಟಿಕೊಂಡಳು. “ಇವತ್ತ ರಾತ್ರಿ ಫೋನ್ ಹಚ್ಚೂದಿಲ್ರಿ ಅಕ್ಕೋರ” ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಈಗ ಐತವಾರದ ಅಭ್ಯಾಸವನ್ನು ಸುನಂದಾ ನಡೆಸುತ್ತಾಳೆ. ನಾನು ಎರಡನೆಯ ಸಾಲಿನಲ್ಲಿ ಕೂತು ಹಾಡುತ್ತೇನೆ. ದನಿ ಮೊದಲಿನಷ್ಟೇ ದೊಡ್ಡದಾಗಿ ತಿರುಗಿ ಬಂದಿದೆ, ಅದನ್ನು ಚಿಕ್ಕದು ಮಾಡುವುದು ಇನ್ನೂ ಪೂರ್ತಿ ಬಂದಿಲ್ಲ. ಪಕ್ಕದವರು ಮೊಣಕೈಯಿಂದ ತಿವಿದು ನೆನಪು ಮಾಡುತ್ತಾರೆ. ಕಳೆದ ವಾರ ಕೆರೂರಿನವರೊಬ್ಬರು ಫೋನು ಮಾಡಿದ್ದರು. ಬಾಗಲಕೋಟೆಯಲ್ಲಿ ನಮ್ಮನ್ನು ಕೇಳಿದವರು. ಅವರೂ ಒಂದು ತಂಡ ಕಟ್ಟಿದ್ದಾರಂತೆ, ಯಾರೂ ದನಿಯನ್ನೇ ತೆಗೆಯುವುದಿಲ್ಲವಂತೆ. “ಅಷ್ಟ ಮಂದಿ ಮುಂದ ಹಾಡು ನಿಲ್ಲಿಸಿ ಮತ್ತ ಸುರು ಮಾಡೂ ಧೈರ್ಯ ನೀವು ಅವರಿಗೆ ಹೆಂಗ ತುಂಬಿದ್ರಿ? ಒಮ್ಮೆ ಬಂದು ಹೇಳ್ರಿ” ಅಂದರು. ತುಂಬಿದವಳು ನಾನಲ್ಲ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ, ಬರುತ್ತೇನೆಂದು ಒಪ್ಪಿಕೊಂಡೆ. ತಂಡ ಕಟ್ಟಿದವರು ಬಾಯಿ ಮುಚ್ಚಿಕೊಂಡು ಕೂರುವುದು ಎಷ್ಟು ಮುಖ್ಯ ಎಂಬುದೇ ನನ್ನ ಭಾಷಣದ ವಿಷಯ. ಅವರು ಅರ್ಧ ತಾಸು ಕೊಟ್ಟಿದ್ದಾರೆ. ಇಷ್ಟು ದೊಡ್ಡ ವಿಷಯ ಅರ್ಧ ತಾಸಿನಲ್ಲಿ ಮುಗಿಯುತ್ತದೆಯೇ? ಕಡಿಮೆಯೆಂದರೂ ಎರಡು ತಾಸು ಬೇಕು, ಮೈಕು ಬೇಡ ಎಂದು ನಿನ್ನೆಯೇ ತಿಳಿಸಿದ್ದೇನೆ.